ಅತ್ತೆಗೆ ಕೊಟ್ಟ ಮಾತ್ರೆ

4-8-2003, ಅಂತರಸಂತೆ
ಬೆಳಿಗ್ಗೆ ಆರು. ಅತ್ತೆಯ ಮೂತ್ರ ಅಳೆದೆ — ನಿನ್ನೆಯಿಂದ ಆರುನೂರು ಎಂಎಲ್. ಹೊಟ್ಟೆಯ ಸುತ್ತಳತೆ ನಿನ್ನೆಯಷ್ಟೇ. ಉಪ್ಪಿಲ್ಲದ ಗಂಜಿ. ಲಿವರ್ ಗಟ್ಟಿಯಾಗಿ ಕೆಲಸ ಬಿಟ್ಟಿದೆ ಎಂದು ಕೋಟೆ ಆಸ್ಪತ್ರೆಯ ಡಾಕ್ಟರು ಹೇಳಿ ಏಳು ತಿಂಗಳು. ಜನ್ಮದಲ್ಲಿ ಹೆಂಡ ಮುಟ್ಟದ ಹೆಂಗಸು. ನೀರು ತುಂಬಿ ಊದಿದ ಹೊಟ್ಟೆ ನೋಡಿ ಪಕ್ಕದ ಮನೆ ಚಿಕ್ಕಬಸಮ್ಮ, "ಎಷ್ಟು ತಿಂಗ್ಳು ಕಣಕ್ಕಾ?" ಅಂದಳು. ಅತ್ತೆಯೇ ನಕ್ಕು, "ಗಂಡೇ ಇರ್ಬೇಕು ಕಣೆ, ಒದೀತಾ ಅದೆ" ಅಂದರು.

9-8
ಅತ್ತೆಗೆ ಮೊಣಕಾಲು ನೋವು. ಇಡೀ ದಿನ ನರಳಿದರು. "ಒಂದು ಮಾತ್ರೆ ತಂದ್ಕೊಡು ಪವಿತ್ರಾ, ನಿನ್ ಕಾಲಿಗ್ ಬೀಳ್ತೀನಿ." ಸೊಸೆಗೆ ಆಡುವ ಮಾತಾ ಅದು! ಕೇಳದೆ ಯಾವ ಮಾತ್ರೆಯನ್ನೂ ಕೊಡಬೇಡಿ ಎಂದಿದ್ದರು ಡಾಕ್ಟರು. ನಮ್ಮ ಯಜಮಾನರು ಕಾಕನಕೋಟೆ ಕಾಡಿನಲ್ಲಿ, ಫಾರೆಸ್ಟ್ ವಾಚರ್ ಡ್ಯೂಟಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಟ್ಟೆ. ನಿದ್ದೆ ಹೋದರು. ನಿದ್ದೆಯಲ್ಲಿ ಮುಖ ಎಷ್ಟು ಸಣ್ಣದು.

14-8
ಐದು ದಿನ, ದಿನಕ್ಕೆರಡು. ನೋವಿಲ್ಲ. ಮೂತ್ರ ಇನ್ನೂರು. ನೀರು ಕಮ್ಮಿ ಕುಡಿದಿದ್ದಕ್ಕೇ ಇರಬೇಕು...

16-8
ಐವತ್ತು. ಡಿಕಾಕ್ಷನ್ ಬಣ್ಣ. ಮಾತ್ರೆ ನಿಲ್ಲಿಸಿದೆ. ಇವರಿಗೆ ಹೇಳಿ ಕಳಿಸಿದೆ.

19-8, ಮೈಸೂರು, ಆಸ್ಪತ್ರೆ
ಕಿಡ್ನಿ ನಿಂತಿದೆಯಂತೆ. ಡಾಕ್ಟರಮ್ಮ ಕೇಳಿದರು: "ನೋವಿನ ಮಾತ್ರೆ ಏನಾದ್ರೂ ಕೊಟ್ರಾ? ಲಿವರ್ ಹೀಗಿರೋರಿಗೆ ಅದು ಕಿಡ್ನಿಗೆ ಹೊಡೆಯುತ್ತೆ." ಇವರು ಪಕ್ಕದಲ್ಲೇ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ — "ನಾನೇ ಕಣವ್ವ. ಸಂತೆಗೋಗೋರ ಕೈಲಿ ತರ್ಸಿ ತಿಂದೆ. ಇವ್ಳಿಗೇನೂ ಗೊತ್ತಿಲ್ಲ."
ಇವರು ನಂಬಿದರು. ನಾನು ಅತ್ತೆಯ ಹೊದಿಕೆ ಸರಿಮಾಡಿದೆ. ಮಾತ್ರೆ ಇಲ್ಲದಿದ್ದರೂ ಒಂದು ದಿನ ಹೀಗಾಗಬಹುದಿತ್ತು ಅಂದರು ಡಾಕ್ಟರಮ್ಮ. ಒಂದು ದಿನ...

22-8
ಡ್ರಿಪ್, ಇಂಜೆಕ್ಷನ್ — ಯಾವುದೂ ಹತ್ತಲಿಲ್ಲ. ಡಯಾಲಿಸಿಸ್ ಕೇಳಿದೆ. "ಲಿವರ್ ಸರಿಹೋಗಲ್ಲಮ್ಮ. ಸುಮ್ನೆ ಹಿಂಸೆ. ಮನೆಗೆ ಕರ್ಕೊಂಡು ಹೋಗಿ."
ಜೀಪಿನಲ್ಲಿ ಇವರು ಮುಂದೆ ಕೂತರು. ಹಿಂದಕ್ಕೆ ತಿರುಗಲಿಲ್ಲ. "ನಾವು ಇಷ್ಟು ಒದ್ದಾಡಿದ್ರೆ ಕದ್ದು ತಿಂದವ್ಳೆ. ಸಾಯ್ಲಿ ಬುಡು." ಅತ್ತೆಗೆ ಕೇಳಿಸಿತು. ನನ್ನ ಕೈ ಒತ್ತಿದರು — ಹೇಳಬೇಡ ಎಂದು.

24-8
ಮೂತ್ರ ಇಲ್ಲ. ಅತ್ತೆಗೆ ಯಾರ ಗುರುತೂ ಸಿಗುತ್ತಿಲ್ಲ. ಇವರು ಜಗಲಿಯಲ್ಲೇ ಇದ್ದಾರೆ. ಒಳಗೆ ಬರುವುದಿಲ್ಲ. ಊಟವೂ ಅಲ್ಲೇ.

25-8, ಬೆಳಿಗ್ಗೆ
ಹೇಳಿದೆ. "ನಾನೇ ತಂದ್ಕೊಟ್ಟಿದ್ದು. ನನ್ನ ಉಳಿಸಕ್ಕೆ ಅವ್ವ ಸುಳ್ಳು ಏಳಿದ್ರು." ಹೊಡೆಯುತ್ತಾರೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ. "ಅವ್ವಂಗೆ ಕಿವಿ ಕೇಳ್ತಿದ್ದಾಗ್ಲೇ ಯಾಕೆ ಏಳ್ಲಿಲ್ಲ ನೀನು?"
ಒಳಗೆ ಹೋಗಿ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. "ಅವ್ವಾ, ನಾನು ಕಣವ್ವಾ, ಲಿಂಗರಾಜು. ತಪ್ಪಾಯ್ತು ಕಣವ್ವಾ. ಇಲ್ನೋಡವ್ವಾ." ಅತ್ತೆಯ ಕಣ್ಣು ಸೂರಿನಲ್ಲಿ ನೆಟ್ಟಿತ್ತು.
ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಅದೇ ಮಾತು, ಮತ್ತೆ ಮತ್ತೆ. ಈಗ ನಿಂತಿತು. ಇವರು ನನ್ನ ಹೆಸರು ಹಿಡಿದು ಕರೆಯುತ್ತಿದ್ದಾರೆ.