ಏಳು ಗಂಟೆಯ ಫೋನು

೧೧ ಜನವರಿ ೨೦೦೭, ಗುರುವಾರ, ಹೌನ್ಸ್ಲೋ, ಲಂಡನ್. ಲೈಬ್ರರಿಯ ಕೆಲಸ ಮುಗಿಸಿ ನಾಲ್ಕಕ್ಕೆ ಬಂದಾಗ ನಿನ್ನ ಮಗಳು ಶರಲ್ ಬಾಗಿಲಲ್ಲಿ ನಿಂತಿದ್ದಳು. ಚಹಾ ಕುಡಿದು, ಒಂದು ಹಾಳೆ ಕೊಟ್ಟು, ಐದೂವರೆಗೆ ಹೋದಳು. ಹಾಳೆ ಮೇಜಿನ ಮೇಲಿದೆ.

ಪ್ರಿಯ ವಿಲ್ಲಿ,

ನಿಮ್ಮ ಅಡುಗೆಮನೆಯ ನೆಲ ನೆನಪಿದೆಯಾ? ನೀನು ಬೆಟ್ಟಕ್ಕೆ ಹೊರಡುವ ಮುಂಚಿನ ಶನಿವಾರ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಸ್ನೋಬೋರ್ಡು, ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿಗೆ ಕಟ್ಟುವ ಅಗಲದ ಚೌಕಟ್ಟುಗಳು, ಸಲಿಕೆ, ಹಿಮಕ್ಕೆ ಚುಚ್ಚಿ ನೋಡುವ ಕೋಲು, ಹೂತುಹೋದವರನ್ನು ಹುಡುಕುವ ಪುಟ್ಟ ರೇಡಿಯೋ. ನೀನು ಒಂದೊಂದನ್ನೂ ಲೀನಾಳ ತಕ್ಕಡಿಯ ಮೇಲಿಡುತ್ತಿದ್ದೆ, ನಾನು ತೂಕ ಬರೆದುಕೊಳ್ಳುತ್ತಿದ್ದೆ. ಮನೆಯ ಮೇಲೆ ವಿಮಾನ ಹಾದಾಗ ಮೂವರೂ ಬಾಯಿ ಮುಚ್ಚಿ, ಅದು ಹೋದ ಮೇಲೆ ನಿಲ್ಲಿಸಿದ ಪದದಿಂದಲೇ ಮಾತು ಮುಂದುವರಿಸುತ್ತಿದ್ದೆವು. "ಮಾಸ್ಟ್ರೆ, ಇವರಿಗೆ ಸ್ವಲ್ಪ ಹೇಳಿ," ಎಂದಿದ್ದಳು ಒಮ್ಮೆ ನಿನ್ನ ಹೆಂಡತಿ, "ಬೋರ್ಡಿಗೆ ಮೇಣ ಹಚ್ಚಲಿಕ್ಕೆ ನನ್ನ ಇಸ್ತ್ರಿಪೆಟ್ಟಿಗೆಯೇ ಬೇಕಾ? ಕಳೆದ ಭಾನುವಾರ ಇಗರ್ಜಿಗೆ ಹೋಗಿ ಕೂತ ಮೇಲೆ ನೋಡ್ತೇನೆ, ಸೀರೆಯಲ್ಲೆಲ್ಲ ಮೇಣ!" ನೀನು ತಲೆ ಎತ್ತದೆ, "ಮೇಣದಬತ್ತಿಯದ್ದು ಅಂತ ಫಾದರ್ ತಿಳ್ಕೊಂಡಿರ್ತಾರೆ, ಬಿಡು" ಎಂದಿದ್ದೆ.

ನಾನು ಒಮ್ಮೆಯೂ ನಿನ್ನ ಜೊತೆ ಬೆಟ್ಟಕ್ಕೆ ಬರಲಿಲ್ಲ. ಎರಡನೇ ಮಹಡಿಯ ಬಾಲ್ಕನಿಯಲ್ಲೇ ನನಗೆ ತಲೆ ತಿರುಗುತ್ತದೆ. ಆದರೂ ಮೊದಲ ಸಲ ನೀನು ಲೈಬ್ರರಿಗೆ ಬಂದು ಆಲ್ಪ್ಸ್‌ನ ನಕ್ಷೆ ಕೇಳಿದ ದಿನ ನನಗೇನಾಯಿತೋ. ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸ, ಉಡುಪಿ ಕಡೆಯವನು, ಮೂವತ್ತು ದಾಟಿದ ಮೇಲೆ ಪ್ಲಾಸ್ಟಿಕ್ ಬ್ರಷ್ ಹಾಸಿದ ಇಳಿಜಾರಿನಲ್ಲಿ ಮೊಣಕೈ ತರಚಿಕೊಂಡು ಸ್ನೋಬೋರ್ಡು ಕಲಿತವನು. ಲಿಫ್ಟು ಹೋಗದ, ಯಾರೂ ತುಳಿಯದ ಹಿಮ ಹೇಗಿರುತ್ತದೆಂದು ನಾನು ಕೇಳಿದೆ. "ಅಕ್ಕಿಹಿಟ್ಟು ಜರಡಿ ಹಿಡಿದ ಹಾಗೆ ಮಾರಾಯ್ರೆ. ಶಬ್ದವೇ ಇಲ್ಲ" ಎಂದೆ ನೀನು. ನಾನು ಅನುವಾದದ ಕಾದಂಬರಿಗಳಲ್ಲಿ ಬದುಕುವವನು, ನೋಡದ ಊರುಗಳ ಬೀದಿಗಳು ನನಗೆ ಬಾಯಿಪಾಠ. ನಿನ್ನ ಬೆಟ್ಟಗಳೂ ಹಾಗೇ ನನ್ನವಾದವು. ಇಳಿಜಾರಿನ ಕೋನ ಅಳೆದು, ನಿಘಂಟು ಹಿಡಿದು ಹಿಮಕುಸಿತದ ವರದಿ ಓದಿ, ದಾರಿ ಗುರುತು ಮಾಡಿ ಕೊಡುತ್ತಿದ್ದೆ. ಪಟ್ಟಿಯಲ್ಲಿ ಸೀಟಿ ಬರೆದಾಗ ನೀನು ನಕ್ಕಿದ್ದೆ. "ಎಂತ ಮಾಸ್ಟ್ರೆ, ನನ್ನನ್ನು ಬಸ್ ಕಂಡಕ್ಟರ್ ಮಾಡ್ತೀರಾ?" ಆಮೇಲೆ ಊರಿಗೆ ಹೋದಾಗ ನೀನೇ ಮಂಗಳೂರಿನ ಸಿಟಿ ಬಸ್ಸಿನ ಕಂಡಕ್ಟರುಗಳು ಊದುವಂಥದ್ದೇ ಒಂದನ್ನು ತಂದೆ.

ಪಟ್ಟಿಯ ಜೊತೆ ಒಂದು ಹಾಳೆ ಇರುತ್ತಿತ್ತಲ್ಲ, ಅದು ಯಾವಾಗಲೂ ನನ್ನ ಬಳಿ. ಎಲ್ಲಿಂದ ಹತ್ತುತ್ತೀಯ, ಎಲ್ಲಿ ಇಳಿಯುತ್ತೀಯ, ಯಾವ ಬಣ್ಣದ ಜಾಕೆಟ್ಟು. ಕೆಳಗೆ ನನ್ನ ಕೈಬರಹದಲ್ಲಿ: ಲಂಡನ್ ಸಮಯ ಆರಕ್ಕೆ ವಿಲ್ಲಿಯ ಫೋನ್. ಏಳಾದರೂ ಬಾರದಿದ್ದರೆ ಈ ನಂಬರಿಗೆ. ಮೊದಲ ಸಲ ನಿನ್ನ ಫೋನ್ ಬರದೆ ಹೋದಾಗ ಏಳು ಹೊಡೆಯುತ್ತಲೇ ರಕ್ಷಣಾ ದಳಕ್ಕೆ ಫೋನ್ ಮಾಡಿದೆ. ಅವರು ನೀನು ಇಳಿದುಕೊಂಡಿದ್ದ ಹೋಟೆಲಿಗೆ ಫೋನ್ ಮಾಡಿದರು. ನೀನು ಅಲ್ಲೇ ಸೂಪು ಕುಡಿಯುತ್ತಿದ್ದೆ. ಫೋನ್ ಕಾರ್ಡು ಮುಗಿದಿತ್ತು, ಅಷ್ಟೆ.

ಆ ಕ್ರಿಸ್‌ಮಸ್ಸಿನಲ್ಲಿ ಇಗರ್ಜಿಯ ಹಾಲ್‌ನಲ್ಲಿ ನೀನು ನನ್ನನ್ನು ಎಲ್ಲರಿಗೂ ಪರಿಚಯಿಸಿದ್ದು ಹೀಗೆ: "ಇವರು ನಮ್ಮ ಹೆಲಿಕಾಪ್ಟರ್ ಮಾಸ್ಟ್ರು. ಸೂಪು ತಣ್ಣಗಾಗುವ ಮೊದಲು ಹೆಲಿಕಾಪ್ಟರ್ ಕಳಿಸ್ತಾರೆ." ಹಬ್ಬದ ತಿಂಡಿ ಕುಸ್ವಾರಿನ ತಟ್ಟೆ ಹಿಡಿದಿದ್ದವರೆಲ್ಲ ನಕ್ಕರು. ಯಾರೋ ಅಜ್ಜಿ ನನ್ನ ತಟ್ಟೆಗೆ ಕರ್ಜಿಕಾಯಿಯಂಥ ಇನ್ನೊಂದು ನೆವ್ರಿ ಹಾಕಿ, "ಪಾಪ, ಹೆದರಿದ್ರು" ಎಂದರು. ನಾನೂ ನಕ್ಕೆ. ನನಗೆ ಚುಚ್ಚಿದ್ದು ನಿನಗೆ ಗೊತ್ತಾಗಿರಬೇಕು, ಕಾರಿನಲ್ಲಿ ನೀನು ಹೇಳಿದೆ: "ತಮಾಷೆ ಮಾಡಿದ್ದು ಮಾರಾಯ್ರೆ. ನೀವು ಹಾಗೇ ಮಾಡಿ, ಆಯ್ತಾ? ಒಂದು ನಿಮಿಷ ಆಚೀಚೆ ಬೇಡ." ನಾನು ಹೂಂ ಎಂದೆ. ಆ ಹೂಂ ಕೇಳಿಸಿಕೊಂಡೆಯೋ, ಇಲ್ಲ ಅಷ್ಟರಲ್ಲಿ ಸಿಗ್ನಲ್ ಹಸಿರಾಗಿತ್ತೋ...

ತೊಂಬತ್ತೆಂಟರ ಆ ಕೊನೆಯ ಪ್ರಯಾಣದಲ್ಲಿ ನಿನಗೂ ಜೊತೆಗೆ ಹೊರಟಿದ್ದ ಕಾರ್ಗೋದ ಗೆಳೆಯನಿಗೂ ಸ್ಟಾಫ್ ಟಿಕೆಟ್ಟು. ಸೀಟು ಉಳಿದರೆ ಮಾತ್ರ ಹತ್ತಬಹುದು. ಉಳಿದದ್ದು ಒಂದೇ. ಆ ಗೆಳೆಯ ಮನೆಗೆ ಹಿಂದಿರುಗಿದ. ನೀನು ಟರ್ಮಿನಲ್‌ನಿಂದ ಫೋನ್ ಮಾಡಿ, "ಏನು ಮಾಡ್ಲಿ ಮಾಸ್ಟ್ರೆ?" ಎಂದೆ. ಒಬ್ಬನೇ ಹೋಗಬಾರದು ಎಂಬುದು ನಮ್ಮ ಪಟ್ಟಿಯ ಮೊದಲನೇ ಸಾಲು. ನಾನು ಹೇಳಿದ್ದೇನು? "ಹಾಗಾದರೆ ಚಿಕ್ಕ ದಾರಿ ಹಿಡಿ. ಕಾಡಿನ ಅಂಚಿನಲ್ಲೇ ಇಳಿ." ಬೇಡ ಎಂದಿದ್ದರೆ ನೀನು ಕೇಳುತ್ತಿದ್ದೆಯಾ? ಕೇಳುತ್ತಿದ್ದೆ ಅನ್ನಿಸುತ್ತದೆ.

ಆ ಭಾನುವಾರ ಆರಕ್ಕೆ ಫೋನ್ ಬರಲಿಲ್ಲ. ಏಳಕ್ಕೆ ರಿಸೀವರಿನ ಮೇಲೆ ಕೈ ಇಟ್ಟಿದ್ದೆ ವಿಲ್ಲಿ. ಇಟ್ಟು, ತೆಗೆದೆ. ಹಾಲ್‌ನ ನಗು ಕಿವಿಯಲ್ಲಿತ್ತು. ಇನ್ನೊಂದು ಹತ್ತು ನಿಮಿಷ ಎಂದುಕೊಂಡು ಪುಸ್ತಕ ತೆರೆದೆ. ಏನು ಓದಿದೆನೋ ತಿಳಿಯದು. ಕಾರ್ಡು ಮುಗಿದಿರಬೇಕು, ಸೂಪು ಕುಡಿಯುತ್ತಿರಬೇಕು, ಕುಡಿಯಲಿ. ನಾನು ಫೋನ್ ಮಾಡಿದ್ದು ಎಂಟೂ ಇಪ್ಪತ್ತಕ್ಕೆ.

ಲೀನಾಳ ಅಣ್ಣನೂ ನಾನೂ ನಿನ್ನನ್ನು ಕರೆತರಲು ಹೋದೆವು. ಕಾಡಿನ ಅಂಚಿನ ಕೊರಕಲಿಗೆ ಬಿದ್ದು ನಿನ್ನ ಕಾಲು ಮುರಿದಿತ್ತಂತೆ, ಚಳಿಯೇ ಕೊಂದದ್ದಂತೆ. ಅವನು ಕಾಗದಗಳಿಗೆ ಸಹಿ ಹಾಕುತ್ತಿದ್ದಾಗ ಹೋಟೆಲಿನ ಹೆಂಗಸು ನನ್ನನ್ನು ಹೊರಗೆ ಕರೆದಳು. ಮುರುಕು ಇಂಗ್ಲಿಷಿನಲ್ಲಿ ಹೇಳಿದಳು: ಊಟ ಬಡಿಸುವಾಗ ಮೇಲಿನಿಂದ ಸೀಟಿ ಕೇಳುತ್ತಿತ್ತು, ಜಾರುಬಂಡಿ ಆಡುವ ಮಕ್ಕಳೆಂದುಕೊಂಡೆ, ನಾಯಿ ಮಾತ್ರ ಬೊಗಳುತ್ತಲೇ ಇತ್ತು, ತಟ್ಟೆ ತೆಗೆಯುವ ಹೊತ್ತಿಗೆ ನಿಂತಿತ್ತು. ಅಲ್ಲಿ ಊಟ ಏಳೂವರೆಯಿಂದ ಒಂಬತ್ತು. ನಮ್ಮ ಗಡಿಯಾರದಲ್ಲಿ ಆರೂವರೆಯಿಂದ ಎಂಟು. ಲೆಕ್ಕ ಮಾಡಬೇಡವೆಂದರೂ ನನ್ನ ತಲೆ ಮಾಡುತ್ತದೆ. ನಾನು ಪುಸ್ತಕ ಹಿಡಿದು ಕೂತಿದ್ದಾಗ ನೀನು ಊದುತ್ತಿದ್ದೆ. ಏಳಕ್ಕೇ ಹೇಳಿದ್ದರೆ ಅವರು ಮುಟ್ಟುತ್ತಿದ್ದರೇ? ಸೀಟಿ ಇನ್ನೂ ಕೇಳುವಾಗಲೇ...

ನಿನ್ನನ್ನು ಮಣ್ಣು ಮಾಡಿದ ದಿನ ಲೀನಾ ಕೇಳಿದಳು, "ಮಾಸ್ಟ್ರೆ, ನೀವು ಏಳಕ್ಕೇ ಫೋನ್ ಮಾಡಿದ್ರಲ್ಲ?" ಹೂಂ ಎಂದೆ. ಅಷ್ಟೇ ನಾನು ಹೇಳಿದ ಸುಳ್ಳು, ಒಂದಕ್ಷರ. ಅದನ್ನು ಹಿಡಿದುಕೊಂಡೇ ಅವಳು ಒಂಬತ್ತು ವರ್ಷ ದಾಟುತ್ತಿದ್ದಾಳೆ. "ನೀವು ಹೊತ್ತಿಗೆ ಸರಿಯಾಗಿ ಮಾಡಿದ್ರಿ, ಅದೊಂದು ಸಮಾಧಾನ" ಎಂದು ಪ್ರತಿ ವರ್ಷ ಇಗರ್ಜಿಯಲ್ಲಿ ನಿನ್ನ ನೆನಪಿನ ಪೂಜೆಯಾದ ದಿನ ಹೇಳಿ ಊಟ ಬಡಿಸುತ್ತಾಳೆ. ಅನುವಾದಕ ಒಂದು ವಾಕ್ಯ ಬಿಟ್ಟರೆ ಮೂಲ ಬಲ್ಲವರಿಗಲ್ಲದೆ ಬೇರೆಯವರಿಗೆ ತಿಳಿಯುವುದಿಲ್ಲ. ಅಂಥ ಅನುವಾದಕರನ್ನು ನಾನು ಎಷ್ಟು ಬೈದಿದ್ದೇನೆ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ನೀನು ಹೋದಾಗ ಹತ್ತು ವರ್ಷದವಳಾಗಿದ್ದ ಶರಲ್‌ಗೆ ಈಗ ಹತ್ತೊಂಬತ್ತು. ಯೂನಿವರ್ಸಿಟಿಯಲ್ಲಿ ಸ್ನೋಬೋರ್ಡು ಕಲಿತಿದ್ದಾಳೆ. ಮುಂದಿನ ತಿಂಗಳು ಮೂವರು ಗೆಳತಿಯರ ಜೊತೆ ಪುಡಿಹಿಮದ ಊರಿಗೆ ಹೋಗುತ್ತಾಳೆ. ಅವಳ ಬೋರ್ಡು ಉದ್ದಕ್ಕೆ ಎರಡಾಗಿ ಬಿಚ್ಚಿಕೊಳ್ಳುತ್ತದೆ, ಸ್ಕೀಗಳಂತೆ ಕಟ್ಟಿಕೊಂಡು ಹತ್ತಬಹುದು. ನೀನಿದ್ದಿದ್ದರೆ ಅದನ್ನು ಹಾಸಿಗೆಗೆ ಒಯ್ಯುತ್ತಿದ್ದೆ. ಅವಳ ಪಟ್ಟಿಯಲ್ಲಿ ಎಲ್ಲ ಸರಿಯಾಗಿದೆ. ಕೊನೆಯಲ್ಲಿ ಬರೆದಿದ್ದಾಳೆ: ಡ್ಯಾಡಿಯ ಸೀಟಿ.

"ಅಮ್ಮ ಒಂದೇ ಕಂಡೀಷನ್ ಹಾಕಿದ್ದಾಳೆ ಅಂಕಲ್," ಎಂದಳು ಇಂಗ್ಲಿಷಿನಲ್ಲಿ. ಆಮೇಲೆ ಲೀನಾಳ ಧ್ವನಿ ಮಾಡಿ ಕನ್ನಡದಲ್ಲಿ, "ಮಾಸ್ಟ್ರು ಕಾಗದ ಇಟ್ಕೊಂಡ್ರೆ ಮಾತ್ರ ಕಳಿಸ್ತೇನೆ!" ನಗುತ್ತ ಹಾಳೆ ನನ್ನ ಕಡೆ ಸರಿಸಿದಳು. ಆರಕ್ಕೆ ಫೋನ್. ಏಳಾದರೂ ಬಾರದಿದ್ದರೆ ಈ ನಂಬರಿಗೆ. ಕೆಳಗೆ ನನ್ನ ಸಹಿಗೆ ಗೆರೆ.

"ಶರಲ್, ಆವತ್ತು ನಾನು..." ಎಂದೆ. ಮೇಲೆ ವಿಮಾನ ಬಂತು. ಇಬ್ಬರೂ ಕಾದೆವು. ಅದು ಹೋದ ಮೇಲೆ ಅವಳು ಹುಬ್ಬೇರಿಸಿ ನೋಡಿದಳು. ನಾನು, "ಬಿಸ್ಕೆಟ್ ತಗೋ" ಎಂದೆ.

ಭಾನುವಾರ ಲೀನಾ ಊಟಕ್ಕೆ ಕರೆದಿದ್ದಾಳೆ. ಹೇಳಿದರೆ ಶರಲ್‌ನ ಪ್ರಯಾಣ ನಿಲ್ಲಬಹುದು. ಲೀನಾಗೆ ಉಳಿದಿರುವ ಒಂದು ಸಮಾಧಾನವೂ ಹೋಗುತ್ತದೆ. ನನಗೆ ಆ ಬಾಗಿಲು ಮುಚ್ಚಬಹುದು. ಹೇಳದಿದ್ದರೆ ನಿನ್ನ ಮಗಳು ಯಾರನ್ನು ನಂಬಿ ಹತ್ತುತ್ತಾಳೋ ಅವನು ಏಳಕ್ಕೆ ಫೋನ್ ಮಾಡಿದವನಲ್ಲ ಎಂಬುದು ಅವಳಿಗೆ ತಿಳಿದಿರುವುದಿಲ್ಲ. ಅದು ಆಗಕೂಡದು.

ಸಹಿ ಹಾಕಿಲ್ಲ. ಹಾಳೆಯನ್ನು ಮಡಚಿ ಕೋಟಿನ ಜೇಬಿನಲ್ಲಿ ಇಟ್ಟಿದ್ದೇನೆ. ಭಾನುವಾರ ಅನ್ನ ಬಡಿಸುವ ಮೊದಲು, ಇಬ್ಬರೂ ಎದುರಿಗಿರುವಾಗ ಹೇಳುತ್ತೇನೆ. ಸೀಟಿಯ ವಿಷಯವನ್ನೂ. ಆಮೇಲೆ ಹಾಳೆ ಅವರ ಮುಂದಿಡುತ್ತೇನೆ, ಯಾರ ಹೆಸರು ಬೇಕೋ ಅವರೇ ಬರೆದುಕೊಳ್ಳಲಿ. ವಾಕ್ಯ ಸಿದ್ಧ ಮಾಡಿಕೊಂಡಿದ್ದೇನೆ, ಎರಡು ವಿಮಾನಗಳ ನಡುವೆ ಹೇಳಿ ಮುಗಿಸುವಷ್ಟು ಚಿಕ್ಕದು: ಏಳಕ್ಕಲ್ಲ ಲೀನಾ, ಎಂಟೂ ಇಪ್ಪತ್ತಕ್ಕೆ.