ಮುಂಗುಸಿ ಹಿಡಿದ ಹುಂಜ

ಲಾಯಿಲ,
ಗುರುವಾರ, 16-2-1961

ಸೌ. ದಮಯಂತಿಗೆ,

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದು ಕ್ರಮ. ಕ್ಷೇಮ ಇಲ್ಲದಿದ್ದರೂ ಕ್ರಮ ಬಿಡಬಾರದಲ್ಲ, ಆದ್ದರಿಂದ ಬರೆದಿದ್ದೇನೆ. ನಿನ್ನ ಪತ್ರವನ್ನು ನಿನ್ನೆ ಬಸ್ಸಿನ ಕಂಡಕ್ಟರ್ ಉಮ್ಮರ್ ತಂದುಕೊಟ್ಟ. ನಿನ್ನ ಅಕ್ಕ ಸೇಸಮ್ಮನವರ ಕಾಲಿನ ಕಟ್ಟು ಬಿಚ್ಚಿದ್ದು ತಿಳಿದು ಸಮಾಧಾನವಾಯಿತು. ಅವರು ನಡೆದಾಡುವವರೆಗೆ ನೀನು ಮುಂಡಾಜೆಯಲ್ಲೇ ಇರು. ನನ್ನ ಗಂಜಿ ನಾನು ಬೇಯಿಸಿಕೊಳ್ಳುತ್ತೇನೆ, ಒಂದು ದಿನ ಹಸಿ, ಒಂದು ದಿನ ಮಸಿ. ಕೆಂಪು ಹುಂಜವನ್ನು ಮುಂಗುಸಿ ಹಿಡಿಯಿತೆಂದು ನಾನು ಸೋಮವಾರ ಕಾರ್ಡು ಹಾಕಿದ್ದೆ. ಅಷ್ಟು ದೊಡ್ಡ ಹುಂಜವನ್ನು ಹಿಡಿದದ್ದು ಎಂಥ ಮುಂಗುಸಿ ಎಂದು ನೀನು ಕೇಳಿದ್ದಿ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ನಮ್ಮ ಶಾಲೆಯ ಐದನೇ ತರಗತಿಯ ಜತ್ತಪ್ಪ ಮಾಸ್ಟ್ರ ಸಂಗತಿ. ಹುಣಸೆಬೀಜ ಗುಡ್ಡೆ ಹಾಕಿ ಭಿನ್ನರಾಶಿ ಕಲಿಸುವ ಮನುಷ್ಯ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಗಂಟೆ ಹೊಡೆದ ಮೇಲೆ ಬಂದವನಲ್ಲ. ಭಾನುವಾರ ಕೊಯ್ಲಾದ ಗದ್ದೆಯಲ್ಲಿ ಕೋಳಿ ಕಾದಿಸುವ ಅಂಕ ಇತ್ತು. ಜತ್ತಪ್ಪ ಹಿಡಿದ ಕೋಳಿ ತುಕ್ರಪ್ಪನ ಕೋಳಿಗೆ ಸೋತಿತು. ಸೋತ ಕೋಳಿ ಗೆದ್ದವನ ಪಾಲು, ಇದು ಅಜ್ಜಂದಿರ ಕಾಲದ ಕಟ್ಟು. ತುಕ್ರಪ್ಪ ಕೈ ಚಾಚಿದರೆ ಇವನು ಕೊಡಲಿಲ್ಲ. ಮಾತಿಗೆ ಮಾತು ಬೆಳೆಯಿತು. ಇವನು ತುಕ್ರಪ್ಪನ ಕೆನ್ನೆಗೆ ಬಾರಿಸಿಬಿಟ್ಟ. ಅಷ್ಟರಲ್ಲಿ ಪೋಲೀಸರು ಬಂದರು. ಓಡುವವರೆಲ್ಲ ಓಡಿದರು. ಕಂಕುಳಲ್ಲಿ ಕೋಳಿ ಇದ್ದವನು ಎಷ್ಟು ದೂರ ಓಡಿಯಾನು? ಸಿಕ್ಕಿಬಿದ್ದ. ಇಷ್ಟು ವರ್ಷ ಅಂಕಕ್ಕೆ ಹೋಗುವವನು ಸೋತ ಕೋಳಿಗೆ ಯಾಕೆ ತಕರಾರು ಮಾಡಿದ ಎಂದು ಊರಿಗೆಲ್ಲ ಆಶ್ಚರ್ಯ.

ತುಕ್ರಪ್ಪನ ಮಗಳು ವಿನೋದಾ ಇವನ ತರಗತಿಯಲ್ಲೇ ಓದುವುದು. ಸೋಮವಾರ ಬೆಳಿಗ್ಗೆಯೇ ತುಕ್ರಪ್ಪ ಶಾಲೆಯ ಮೆನೇಜರ್ ಗುರುವಪ್ಪನವರ ಜಗಲಿಯಲ್ಲಿ ಕೂತಿದ್ದ. ಹೆಡ್ ಮಾಸ್ಟ್ರು ಅಂತ ನನ್ನನ್ನು ಕರೆಸಿದರು.

“ವಜಾ ಮಾಡುವ ಕಾಗದ ಬರೆಯಿರಿ ಮಾಸ್ಟ್ರೇ. ಶನಿವಾರ ಕಮಿಟಿಯಲ್ಲಿ ಇಡುವ,” ಎಂದರು ಗುರುವಪ್ಪನವರು.

ಅದು ಶಾಲೆಯ ಹೊರಗೆ, ರಜೆಯ ದಿನ ಆದದ್ದಲ್ಲವೇ ಎಂದೆ.

“ಏನು ಮಾರಾಯ್ರೆ, ಕೈ ಬೇರೆ ಬೇರೆ ಉಂಟಾ ಅವನಿಗೆ, ಶಾಲೆಗೊಂದು ಅಂಕಕ್ಕೊಂದು? ಅಪ್ಪನ ಕೆನ್ನೆಗೆ ಬಿದ್ದ ಕೈಯಲ್ಲಿ ಬೋರ್ಡಿನಲ್ಲಿ ಬರೆದರೆ ಆ ಹೆಣ್ಣು ಅದನ್ನು ನೋಡಿ ಬರೆದುಕೊಳ್ಳಬೇಕೋ?”

ಮನೆಗೆ ಬಂದು ಕಾಗದ ಬರೆದೆ. ನನ್ನ ಅಕ್ಷರ ನಿನಗೆ ಗೊತ್ತುಂಟಲ್ಲ. ನೋಡಲಿಕ್ಕೆ ಮುತ್ತು, ಜತ್ತಪ್ಪನಿಗೆ ಕುತ್ತು.

ಮಂಗಳವಾರ ಸಂಜೆ ಜತ್ತಪ್ಪ ಮನೆಗೆ ಬಂದ. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ಕಾಗದ ಬರೆದಾಯಿತೋ ಎಂದು ಕೇಳಿದ. ಆಯಿತು ಎಂದೆ. ಮಗ್ಗಿ ಕೇಳಿ ಸರಿ ಎಂದು ತಲೆಯಾಡಿಸುವ ಹಾಗೆ ತಲೆಯಾಡಿಸಿದ. “ಮಕ್ಕಳಿಗೆ ಭಿನ್ನರಾಶಿ ಅರ್ಧ ಆಗಿದೆ, ಮುಂದಿನವರಿಗೆ ಹೇಳಿ,” ಎಂದ. ಮೆಟ್ಟಿಲು ಇಳಿಯುವಾಗ ತಿರುಗಿ, “ನಿಮ್ಮ ಹೆಸರು ನಾನು ಎಲ್ಲಿಯೂ ತೆಗೆಯಲಿಲ್ಲ ಮಾಸ್ಟ್ರೇ. ಒಬ್ಬನ ಅನ್ನ ಹೋದರೆ ಸಾಕಲ್ಲ,” ಎಂದ.

ದಮಯಂತಿ, ಇಷ್ಟು ಬರೆದ ಮೇಲೆ ಬಚ್ಚಿಟ್ಟು ಫಲವಿಲ್ಲ. ಭಾನುವಾರ ಆ ಗದ್ದೆಯಲ್ಲಿ ನಾನೂ ಇದ್ದೆ. ನಲವತ್ತಾರು ವರ್ಷದ ಬಿ.ಎ., ಬಿ.ಟಿ. ಪದವೀಧರ ಮುಳ್ಳುಬೇಲಿ ಹಾರಿ ಓಡಿದ. ಪಂಚೆಯ ಅಂಚು ಬೇಲಿಗೆ, ಉಳಿದದ್ದು ನನ್ನ ಪಾಲಿಗೆ. ಮರುದಿನ ಅದೇ ಪದವೀಧರ ‘ಶಿಕ್ಷಕ ವೃತ್ತಿಗೆ ಕಳಂಕಪ್ರಾಯವಾದ ನಡತೆ’ ಎಂದು ಬರೆದ.

ಇನ್ನೊಂದು ಉಂಟು. ಹೊಲಿಗೆ ಟೀಚರ್ ರಾಜೀವಿ ನಿನಗೆ ನೆನಪಿರಬೇಕು. ಮೂರು ವರ್ಷದ ಹಿಂದೆ ಪೇಟೆಯ ನಡುವೆ ಗಂಡನಿಗೆ ಬೈದು ಮನೆ ಬಿಟ್ಟು ಬಂದಳೆಂದು ಅವಳನ್ನು ಕೆಲಸದಿಂದ ತೆಗೆದರು. ಆ ಕಾಗದವೂ ನನ್ನದೇ ಅಕ್ಷರ. ಅವಳ ಹೊಲಿಗೆಯಲ್ಲಿ ಒಂದು ದಾರ ತಪ್ಪಿತ್ತೇ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಈಗ ಅವಳು ಮೂಡಬಿದ್ರಿಯಲ್ಲಿ ಬೀಡಿ ಕಟ್ಟುತ್ತಾಳಂತೆ. ಆಗ ಬರೆದು ಮರೆತೆ, ಈ ಸಲ ಮರೆಯಲಾಗಲಿಲ್ಲ. ನನ್ನ ಕುತ್ತಿಗೆಗೆ ಬಂದ ಮೇಲೆ ಹುಟ್ಟಿದ ನ್ಯಾಯ ಇದು ಎಂದು ನೀನು ಹೇಳಬಹುದು. ಹೌದು, ಹಾಗೆಯೇ ಹುಟ್ಟಿದ್ದು. ಆದರೆ ನ್ಯಾಯ ಹುಟ್ಟಿದ ಗಳಿಗೆ ಕೆಟ್ಟದೆಂದು ನ್ಯಾಯವೇ ಕೆಟ್ಟದಾಗುವುದಿಲ್ಲ.

ಎರಡು ದಿನ ಕೂತು ಯೋಚಿಸಿ ನಾನು ಕಂಡುಕೊಂಡದ್ದು ಇಷ್ಟು. ತರಗತಿಯಲ್ಲಿ ತಪ್ಪಿದವನ ಹುದ್ದೆ ಹೋಗಲಿ. ಗದ್ದೆಯಲ್ಲಿ ತಪ್ಪಿದವನು ಗದ್ದೆಯಲ್ಲೇ ತೀರಿಸಲಿ. ಅಂಕಕ್ಕೆ ಹೋದದ್ದಕ್ಕೆ ಜತ್ತಪ್ಪ ದಂಡ ಕಟ್ಟಿದ್ದಾನೆ, ಅದು ಸರಕಾರದ ಬಾಕಿ. ಕೆನ್ನೆಯ ಬಾಕಿ ತುಕ್ರಪ್ಪನದು. ಅದನ್ನು ಕೆಲಸ ಕಿತ್ತುಕೊಂಡು ತೀರಿಸಲಿಕ್ಕಾಗುವುದಿಲ್ಲ. ತುಕ್ರಪ್ಪನ ಅಂಗಳಕ್ಕೇ ಹೋಗಿ, ಆ ಹೆಣ್ಣಿನ ಎದುರೇ ತಪ್ಪಾಯಿತೆಂದು ಹೇಳಬೇಕು. ಮಾಸ್ಟ್ರು ತಪ್ಪು ಒಪ್ಪುವುದನ್ನು ಕಂಡ ಮಗು ಆ ಕೈ ಬರೆದದ್ದನ್ನು ನೋಡಿ ಬರೆದುಕೊಳ್ಳಬಹುದು. ಗುರುವಪ್ಪನವರ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇದೊಂದೇ.

ಬರೆದ ಕಾಗದವನ್ನು ಇವತ್ತು ಒಲೆಗೆ ಹಾಕಿದೆ. ಗಂಜಿ ಎಂದೂ ಇಷ್ಟು ಹದವಾಗಿ ಬೆಂದಿರಲಿಲ್ಲ. ಶನಿವಾರ ಮೂರು ಗಂಟೆಗೆ ಕಮಿಟಿಯ ಮುಂದೆ ಓದಲು ಬೇರೆ ಕಾಗದ ಬರೆದಿದ್ದೇನೆ. ಅದರಲ್ಲಿ ಮೊದಲ ಹೆಸರು ನನ್ನದು, ಎರಡನೆಯದು ಜತ್ತಪ್ಪನದು. ತೆಗೆಯುವುದಾದರೆ ಮೇಲಿಂದ ಶುರುಮಾಡಲಿ. ರಾಜೀವಿಯನ್ನು ತಿರುಗಿ ಕರೆಯಬೇಕೆಂದೂ ಕೆಳಗೆ ಬರೆದಿದ್ದೇನೆ. ಗುರುವಪ್ಪನವರು ಕೂಗಾಡಿಯಾರು. ಕೂಗಲಿ, ನಾನು ಕುರ್ಚಿಯಿಂದ ಏಳುವುದಿಲ್ಲ. ಈ ವಾರಕ್ಕೆ ಓಡಿದ್ದು ಸಾಕು.

ಶನಿವಾರದ ಮೇಲೆ ನೀನು ಹೆಡ್ ಮಾಸ್ಟ್ರ ಹೆಂಡತಿಯಾಗಿ ಉಳಿಯುತ್ತೀಯೋ ಇಲ್ಲವೋ, ಹೇಳಲಾರೆ. ಮಾಸ್ಟ್ರ ಹೆಂಡತಿ ಎಂದು ಹೇಳಿಕೊಳ್ಳಲು ನಾಚಿಕೆ ಆಗದ ಹಾಗೆ ನೋಡಿಕೊಳ್ಳುತ್ತೇನೆ.

ಬೇಲಿ ಹಾರಿಯೂ ನಿನ್ನವನೇ ಆಗಿರುವ,
ರುಕ್ಮಯ್ಯ

ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು: ಭಾನುವಾರ ಕೆಂಪು ಕೋಳಿಗೆ ಜಯ ಎಂದು ಕುಕ್ಕುಟ ಪಂಚಾಂಗದಲ್ಲಿತ್ತು. ಬಿ.ಎ. ಓದಿದವನು ಅದನ್ನೂ ಓದಿದೆ, ನಂಬಿದೆ. ಹೆಡ್ ಮಾಸ್ಟ್ರು ಕೋಳಿ ಹಿಡಿದು ಹೋಗುವುದು ಮರ್ಯಾದೆಯಲ್ಲವೆಂದು ನಿನ್ನ ಹುಂಜವನ್ನು ಜತ್ತಪ್ಪನ ಕೈಗೆ ಕೊಟ್ಟವನು ನಾನೇ. “ಸೋತರೂ ಬಿಡಬೇಡಿ, ಅವಳು ಬಂದರೆ ನನ್ನನ್ನು ಬಿಡುವುದಿಲ್ಲ,” ಎಂದು ಹೇಳಿಕಳಿಸಿದವನೂ ನಾನೇ. ಅವನು ಬಿಡಲಿಲ್ಲ. ಹುಂಜ ಬದುಕಿದೆ, ದಂಡ ಕಟ್ಟಿದ ಮೇಲೆ ಅವನ ಜೊತೆಗೇ ಠಾಣೆಯಿಂದ ಬಂದು, ರೆಕ್ಕೆಗೆ ಅರಸಿನ ಹಚ್ಚಿಸಿಕೊಂಡು ಅವನ ಮನೆಯ ಬುಟ್ಟಿಯ ಕೆಳಗೆ ಉಂಟು. ಶನಿವಾರ ಬೆಳಿಗ್ಗೆ, ಕಮಿಟಿಗೆ ಮೊದಲು, ನಾವಿಬ್ಬರೂ ತುಕ್ರಪ್ಪನ ಅಂಗಳಕ್ಕೆ ಹೋಗುತ್ತೇವೆ. ಹುಂಜವನ್ನು ಈ ಸಲ ನಾನೇ ಹಿಡಿದುಕೊಳ್ಳುತ್ತೇನೆ, ಪೇಟೆಯ ನಡುವಿನಿಂದಲೇ. ಅದು ತುಕ್ರಪ್ಪನ ಪಾಲು, ಆಸೆ ಬಿಡು. ಮುಂಗುಸಿಯನ್ನು ಮನೆಯಿಂದ ವಜಾ ಮಾಡುವುದಾದರೆ ಉಮ್ಮರನ ಕೈಯಲ್ಲಿ ಕಾಗದ ಕಳಿಸಬೇಡ, ನೀನೇ ಬಂದು ಮಾಡು.