ಬಲಗಡೆಯ ಹುಟ್ಟು

ಮನೆಯಿಂದ,
ಭಾನುವಾರ, ಹತ್ತೊಂಬತ್ತನೇ ತಾರೀಖು

ಪ್ರೀತಿಯ ಚಿನಕುರುಳಿಗೆ,

ಅಮ್ಮನ ಆಶೀರ್ವಾದಗಳು. ನಾನು ಇಲ್ಲಿ ಕ್ಷೇಮ, ಬಿ.ಪಿ. ಒಂದನ್ನು ಬಿಟ್ಟು. ನೀನೂ ಅಳಿಯಂದಿರೂ ಬೀಗಿತ್ತಿಯವರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನನ್ನ ಹುಟ್ಟುಹಬ್ಬಕ್ಕೆ ನೀನು ಕಳಿಸಿದ ಉಡುಗೊರೆ ಬಂದು ಎಷ್ಟೋ ದಿನವಾಯಿತು, ತಲುಪಿತು ಅಂತ ಒಂದು ಮಾತು ಬರೆಯಲೂ ಇಷ್ಟು ತಡವಾಯಿತು, ತಪ್ಪು ತಿಳಿಯಬೇಡ. ಎರಡು ಸಲ ಬರೆಯಲು ಕೂತೆ. ಎರಡು ಸಲವೂ ಮೊದಲ ಸಾಲಿನಲ್ಲೇ ಬೈಗುಳ ಬಂತು, ಹರಿದು ಹಾಕಿದೆ. ಇದರಲ್ಲೂ ಬೈಗುಳ ಇದೆ, ಆದರೆ ಸ್ವಲ್ಪ ಕೆಳಗಿದೆ.

ಫೋನ್ ಮಾಡಿದರೆ ಆಗುತ್ತಿರಲಿಲ್ಲವೇ ಅಂತ ಕೇಳುತ್ತೀಯ. ಆಗುತ್ತಿರಲಿಲ್ಲ. ಫೋನಿನಲ್ಲಿ ನೀನು "ಹೂಂ ಅಮ್ಮ, ಹೂಂ ಅಮ್ಮ" ಅನ್ನುತ್ತಾ ಇನ್ನೇನೋ ಮಾಡುತ್ತಿರುತ್ತೀಯ, ನಲ್ಲಿ ನೀರಿನ ಸದ್ದು ನನಗೆ ಕೇಳಿಸುತ್ತದೆ. ಕಾಗದಕ್ಕೆ ಹೂಂಗುಟ್ಟಿ ತಪ್ಪಿಸಿಕೊಳ್ಳಲಿಕ್ಕಾಗುವುದಿಲ್ಲ.

ನಮ್ಮ ಹಲ್ಲಿನ ಲ್ಯಾಬಿನಲ್ಲಿ ಕೈತುಂಬ ಕೆಲಸ. ಊರವರ ಹಲ್ಲೆಲ್ಲ ಮಾತಾಡಿಕೊಂಡು ಒಟ್ಟಿಗೆ ಉದುರುತ್ತಿವೆಯೋ ಏನೋ, ಮೇಜಿನ ಮೇಲೆ ಪ್ಲಾಸ್ಟರಿನ ದವಡೆಗಳಿಗೆ ಜಾಗ ಸಾಲದೆ ಕಿಟಕಿಯಲ್ಲೂ ಸಾಲಾಗಿ ಇಟ್ಟಿದ್ದೇವೆ. ರಸ್ತೆಯಲ್ಲಿ ಹೋಗುವವರಿಗೆಲ್ಲ ನಾವು ಹಲ್ಲು ಕಿರಿದ ಹಾಗೆ ಕಾಣುತ್ತದೆ. ಮೇಣದಲ್ಲಿ ಹಲ್ಲು ಜೋಡಿಸುವ ನನ್ನ ಗೆಳತಿ ಮೇಣದಕ್ಕ ನಿನ್ನನ್ನು ಬಹಳ ಕೇಳಿದಳು. ನೀನು ಚಿಕ್ಕವಳಿದ್ದಾಗ ಶಾಲೆ ಮುಗಿಸಿ ಲ್ಯಾಬಿಗೆ ಬಂದು ಅವಳ ಮೇಣದಲ್ಲಿ ಬಾತುಕೋಳಿ ಮಾಡುತ್ತಿದ್ದೆಯಲ್ಲ, ಅದರಲ್ಲೊಂದು ಇನ್ನೂ ಅವಳ ಡ್ರಾಯರಿನಲ್ಲಿದೆ. ಹಗಲೆಲ್ಲ ಬೇರೆಯವರ ಹಲ್ಲು ಮಾಡುವುದು, ಸಂಜೆ ಮನೆಗೆ ಬಂದು ನಿನ್ನ ಉಡುಗೊರೆಯ ಮುಂದೆ ಕೂತು ನನ್ನ ಹಲ್ಲು ಕಡಿಯುವುದು, ಈಗ ಇದೇ ನನ್ನ ಕೆಲಸ.

ಉಡುಗೊರೆಯ ವಿಷಯಕ್ಕೆ ಬರುತ್ತೇನೆ. ಡಬ್ಬಿಯ ಮೇಲೆ ನೀನು ಬರೆದಿದ್ದೆ, "ಅಮ್ಮಾ, ನಮ್ಮ ದೋಣಿ ಆಟ ವಾಪಸ್ ಬಂದಿದೆ! ತಿಂಗಳ ಚಂದಾ ಕಟ್ಟಿದೀನಿ. ಹಳೇ ಆಟ ಎಲ್ಲಾ ಇದರಲ್ಲಿ ಸಿಗುತ್ತೆ." ಕೆಳಗಿನ ಮನೆಯ ಎಲೆಕ್ಟ್ರಿಷಿಯನ್ ಬಂದು ಟಿವಿಗೆ ಜೋಡಿಸಿಕೊಟ್ಟ. ನಿಜ ಹೇಳುತ್ತೇನೆ, ಪರದೆ ನೀಲಿಯಾಗಿ, ದಡದಲ್ಲಿ ಆ ಕುಳ್ಳ ಡೋಲಿನವನು ಬಂದು ನಿಂತಾಗ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಅದೇ ಮೇಕೆ, ಬುಟ್ಟಿ ಹೊತ್ತ ಅದೇ ಮುದುಕಿ, ನದಿಯಲ್ಲಿ ಅದೇ ಬಂಡೆಗಳು. ಡೋಲು ಶುರುವಾಯಿತು. ನಾನು ಸೋಫಾದಲ್ಲಿ ಗೊತ್ತಿಲ್ಲದೆಯೇ ಬಲಕ್ಕೆ ಸರಿದು ಕೂತೆ. ಎಡಗಡೆ ನಿನ್ನ ಜಾಗ.

ನಿನಗೆ ನೆನಪಿದೆಯೋ ಇಲ್ಲವೋ, ನನಗಿದೆ. ನಿಮ್ಮಪ್ಪ ಹೋದ ಮೇಲೆ ನೀನು ಬಾಯಿ ಬಿಡುವುದನ್ನೇ ನಿಲ್ಲಿಸಿದ್ದೆ. ಚಿನಕುರುಳಿ ಅಂತ ಹೆಸರು ಪಡೆದವಳು, ಒಂದು ಚಟ್ ಸದ್ದಿಲ್ಲ. ಶಾಲೆಯಿಂದ ಟೀಚರ್ ಕರೆಸಿ ಕೇಳಿದರು, ಡಾಕ್ಟರು ಗಂಟಲು ನೋಡಿದರು. ಆಗ ಮೇಣದಕ್ಕ ಅವಳ ಮಗ ಆಡಿ ಬಿಟ್ಟ, ಟಿವಿಗೆ ಹಾಕುವ ಆಟದ ಪೆಟ್ಟಿಗೆಯನ್ನು ತಂದುಕೊಟ್ಟಳು. ಅದರಲ್ಲಿದ್ದದ್ದು ಈ ಒಂದೇ ಆಟ. ಒಂದು ದೋಣಿ, ಎರಡು ಹುಟ್ಟು, ಇಬ್ಬರು ಆಡಬೇಕು. ಎಡಗಡೆಯದು ನಿನ್ನದು, ಬಲಗಡೆಯದು ನನ್ನದು. ಇಬ್ಬರೂ ಒಟ್ಟಿಗೆ ಎಳೆದರೆ ದೋಣಿ ನೆಟ್ಟಗೆ ಹೋಗುತ್ತದೆ, ಒಬ್ಬರು ಹಿಂದೆ ಬಿದ್ದರೆ ಮೂತಿ ತಿರುಗಿ ಬಂಡೆಗೆ ಬಡಿಯುತ್ತದೆ. ಡೋಲು ಕೇಳಿದ ಮೇಲೆ ಗುಂಡಿ ಒತ್ತುವವಳು ನಾನು, ಡೋಲಿನ ಜೊತೆಗೇ ಒತ್ತಬೇಕು ಅಂತ ಈ ಮೊದ್ದು ತಲೆಗೆ ಹೊಳೆಯಲೇ ಇಲ್ಲ. ದೋಣಿಯಲ್ಲಿದ್ದ ಮೇಕೆಯನ್ನು ಮತ್ತೆ ಮತ್ತೆ ಮುಳುಗಿಸಿದೆವು. ಕೊನೆಗೊಂದು ದಿನ ನೀನು ನನ್ನ ಮೊಣಕಾಲಿಗೆ ಹೊಡೆದು ಕೂಗಿದೆ, "ಅಮ್ಮಾ, ಲೇಟು!"

ಅಷ್ಟು ತಿಂಗಳ ಮೇಲೆ ನಿನ್ನ ಬಾಯಿಂದ ಬಂದ ಮೊದಲ ಮಾತು ಅದು. ನಾನು ಅಡುಗೆಮನೆಗೆ ಹೋಗಿ ಅತ್ತು ಬಂದೆ.

ನಾನು ಮಾತ್ರ ಸುಧಾರಿಸಲಿಲ್ಲ, ಲೇಟು ಲೇಟೇ. ಆದರೆ ಸ್ವಲ್ಪ ದಿನ ಕಳೆದ ಮೇಲೆ ನೀನು ಬೈಯುವುದನ್ನು ಬಿಟ್ಟೆ, ದೋಣಿಯೂ ನೆಟ್ಟಗಾಯಿತು. ನಾನು ಕಲಿತೆ ಅಂತ ಜಂಭದಲ್ಲಿದ್ದೆ. ಆಮೇಲೆ ಗಮನಿಸಿದೆ, ಡೋಲು ಬಿದ್ದ ಮೇಲೆ ನೀನು ಅರ್ಧ ತಾಳ ಕಾಯುತ್ತಿದ್ದೆ. ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು, ಉಸಿರು ಹಿಡಿದು, ನಾನು ಬರುವ ತನಕ ನಿಲ್ಲುತ್ತಿದ್ದೆ. ಡೋಲಿನವನಿಗೆ ನಾವಿಬ್ಬರೂ ಲೇಟು, ದೋಣಿಗೆ ನಾವಿಬ್ಬರೂ ಸರಿ. ನೀನು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದ ಮೇಲೂ ನಾವು ಹಾಗೆಯೇ ಆಡಿದೆವು.

ಈಗ ನಿನ್ನ ಈ ಘನಂದಾರಿ ಕಂಪನಿಯವರು ಮಾಡಿದ್ದು ಕೇಳು. ಎಡಗಡೆಯ ಹುಟ್ಟನ್ನು ಯಂತ್ರಕ್ಕೆ ಕೊಟ್ಟಿದ್ದಾರೆ! ನಾನು ಒಬ್ಬಳೇ ಬಲಗಡೆ ಎಳೆಯಬೇಕು, ಎಡಗಡೆಯದನ್ನು ಕಂಪ್ಯೂಟರ್ ಎಳೆಯುತ್ತದೆ, ಡೋಲು ಬಿದ್ದ ಕ್ಷಣಕ್ಕೆ, ಕೂದಲೆಳೆಯಷ್ಟೂ ತಪ್ಪದೆ. ನಾನು ಲೇಟಾದ ಕೂಡಲೇ ಮೂತಿ ಬಲಕ್ಕೆ ತಿರುಗುತ್ತದೆ, ಯಂತ್ರವೇ ಅದನ್ನು ನೆಟ್ಟಗೆ ಮಾಡಿಕೊಳ್ಳುತ್ತದೆ. ಬೈಯುವುದೂ ಇಲ್ಲ, ಕಾಯುವುದೂ ಇಲ್ಲ.

ಒಂದು ಸಂಜೆ ಸಾಕಾಗಿ ರಿಮೋಟನ್ನು ಸೋಫಾದ ಮೇಲೆ ಬಿಸಾಡಿ ಟೀ ಮಾಡಲು ಹೋದೆ. ಲೋಟ ಹಿಡಿದು ಬಂದು ನೋಡುತ್ತೇನೆ, ದೋಣಿ ಆಚೆ ದಡ ಮುಟ್ಟಿದೆ! ಮೇಕೆ ಇಳಿಯಿತು, ಮುದುಕಿ ಇಳಿದಳು, ಡೋಲಿನವನು ಕುಣಿದ. ಪರದೆಯ ತುಂಬ ಅಕ್ಷರಗಳು: "ಭೇಷ್! ಇಬ್ಬರೂ ಚೆನ್ನಾಗಿ ಎಳೆದಿರಿ!" ಯಾರಮ್ಮಾ ಆ ಇಬ್ಬರು? ನಾನು ಒಲೆಯ ಮುಂದೆ ನಿಂತಿದ್ದೆ. ನೀನು ನಿನ್ನ ಊರಿನಲ್ಲಿದ್ದೆ. ಖಾಲಿ ಮುಷ್ಟಿ ತೋರಿಸಿ ಮಗುವನ್ನು ಏಮಾರಿಸುವ ಹಾಗೆ ನನ್ನನ್ನು ಏಮಾರಿಸುತ್ತಾರಲ್ಲ, ಇವರ ಮನೆ ಹಾಳಾಗ. ಮೈ ಉರಿದುಹೋಯಿತು. ಟೀ ಕುಡಿಯದೆ ಸಿಂಕಿಗೆ ಚೆಲ್ಲಿದೆ.

ಮೇಣದಕ್ಕನಿಗೆ ಹೇಳಿದರೆ ಅವಳು ಬಿದ್ದು ಬಿದ್ದು ನಕ್ಕಳು. "ನಿನ್ನ ಮಗಳು ಪ್ರೀತಿಯಿಂದ ಕಳಿಸಿದ್ದು ಕಣೇ. ಗೆದ್ದೆ ಅಂತ ಖುಷಿಪಡು. ಗೆದ್ದದ್ದಕ್ಕೂ ಜಗಳ ಆಡೋಳು ನೀನೊಬ್ಬಳೇ," ಅಂದಳು. ಅವಳು ಹೇಳುವುದೂ ಸರಿ. ಆದರೆ ನಾವು ಕೂರಿಸುವ ಹಲ್ಲಿನಲ್ಲಾದರೂ ಜನ ತಾವೇ ಅಗಿಯುತ್ತಾರೆ. ಹಲ್ಲೇ ಅಗಿದು ನುಂಗಿ "ಭೇಷ್, ಚೆನ್ನಾಗಿ ಊಟ ಮಾಡಿದಿರಿ" ಅಂದರೆ ಅದನ್ನು ಯಾರು ಬಾಯೊಳಗೆ ಇಟ್ಟುಕೊಳ್ಳುತ್ತಾರೆ?

ಕಂಪನಿಗೆ ಫೋನ್ ಮಾಡಿದೆ. ಸಂಗೀತ ಕೇಳಿಸಿದರು, ಒಂದು ಒತ್ತಿ ಅಂದರು, ನಾಲ್ಕು ಒತ್ತಿ ಅಂದರು, ಮತ್ತೆ ಸಂಗೀತ. ಕೊನೆಗೆ ಒಬ್ಬ ಹುಡುಗಿ ಸಿಕ್ಕಳು. ಪಾಪ, ಮಾತು ಮೃದು. ನಾನು ಎಗರಾಡಿದ್ದನ್ನೆಲ್ಲ ಕೇಳಿಸಿಕೊಂಡು, "ಮೇಡಂ, ಇನ್ನೊಂದು ವಿಷಯ ನಿಮಗೆ ಹೇಳ್ಬೇಕು. ಈ ತಿಂಗಳ ಕೊನೇಲಿ ಈ ಆಟ ನಮ್ಮಲ್ಲಿಂದ ಹೋಗ್ತಿದೆ," ಅಂದಳು.

"ಹೋಗ್ತಿದೆ ಅಂದ್ರೆ? ಎಲ್ಲಿಗೆ ಹೋಗ್ತಿದೆ?"

"ತೆಗೀತಾರೆ ಮೇಡಂ. ಆಟ ಮಾಡಿದವರ ಜೊತೆ ಒಪ್ಪಂದ ಮುಗೀತು."

"ಹಾಗಾದ್ರೆ ಕೊಂಡುಕೊಳ್ತೀನಿ. ಎಲ್ಲಿ ಸಿಗುತ್ತೆ?"

"ಎಲ್ಲೂ ಸಿಗಲ್ಲ ಮೇಡಂ. ಆ ಕಂಪನಿ ಮುಚ್ಚಿ ಬಹಳ ವರ್ಷ ಆಯ್ತು. ಸಿಗ್ತಾ ಇದ್ದಿದ್ದು ನಮ್ಮಲ್ಲಿ ಮಾತ್ರ."

ಅವಳು ಇನ್ನೂ ಏನೋ ಹೇಳಿದಳು, ಅದು ಇರಲಿ.

ಈಗ ನಿನ್ನ ಸರದಿ. ನಾನು ಈ ಚಿಕ್ಕ ಮನೆಗೆ ಬಂದಾಗ ಸಾಮಾನು ಕಟ್ಟಲು ಬಂದವಳು ಯಾರು? ಆ ಆಟದ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ಇಟ್ಟಿದ್ದೆ ನಾನು. ಅದನ್ನು ಬಿಚ್ಚಿ ನೋಡಿ, "ಅಯ್ಯೋ ಅಮ್ಮಾ, ಈ ಗುಜರಿ ಯಾಕೆ? ಈಗ ಎಲ್ಲಾ ಆನ್‌ಲೈನಲ್ಲಿ ಸಿಗುತ್ತೆ," ಅಂತ ಗುಜರಿಯವನ ಗಾಡಿಗೆ ಹಾಕಿದ್ದು ಯಾರ ಕೈ? ಟವೆಲು ಮಾತ್ರ ಉಳಿಯಿತು. ನನ್ನದಾಗಿದ್ದ ಆಟವನ್ನು ಗುಜರಿಗೆ ಹಾಕಿಸಿ, ಅದನ್ನೇ ತಿಂಗಳ ಬಾಡಿಗೆಗೆ ತಂದುಕೊಟ್ಟು, ಈಗ ಅದೂ ಇಲ್ಲ. ಸಿಗುತ್ತೆ, ಸಿಗುತ್ತೆ ಅಂತ ಬಾಯಿಪಾಠ ಒಪ್ಪಿಸುತ್ತೀಯಲ್ಲ, ಯಾರಿಗೆ ಸಿಗುತ್ತೆ, ಎಷ್ಟು ದಿನ ಸಿಗುತ್ತೆ ಅಂತ ಒಂದು ಸಲ ಕೇಳಿದೆಯಾ?

ಆಟ ಒಂದೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ವಾರಕ್ಕೊಮ್ಮೆ ತರಕಾರಿ ಡಬ್ಬಿ ಬಾಗಿಲಿಗೆ ಬರುತ್ತದೆ, ನೀನು ಚಂದಾ ಕಟ್ಟಿದ್ದು. ರಕ್ತ ತೆಗೆಯುವವನು ತಿಂಗಳಿಗೊಮ್ಮೆ ಬರುತ್ತಾನೆ, ಅದೂ ನೀನು ಗೊತ್ತುಮಾಡಿದ್ದು. ಅವನು ನನ್ನನ್ನು "ಅಮ್ಮಾ" ಅನ್ನುತ್ತಾನೆ, ಸೂಜಿ ಚುಚ್ಚುವ ಮುಂಚೆ ಊಟ ಆಯಿತಾ ಅಂತ ಕೇಳುತ್ತಾನೆ. ನಿನಗಿಂತ ಅವನೇ ಹೆಚ್ಚು ಸಲ ನನ್ನ ಮನೆಯ ಸೋಫಾದ ಮೇಲೆ ಕೂತಿದ್ದಾನೆ. ನೀನು ಬಂದದ್ದು ಆ ಸಾಮಾನು ಕಟ್ಟಿದ ದಿನವೇ ಕೊನೆ. ಹೋದ ಭಾನುವಾರ ಬಾ ಅಂತ ಕರೆದೆ, "ಒಂದು ನಿಮಿಷ ಪುರುಸೊತ್ತಿಲ್ಲ ಅಮ್ಮ, ಕೆಲಸದಲ್ಲಿ ಮುಳುಗಿ ಹೋಗಿದೀನಿ," ಅಂದೆ. ನಾನೂ ಆಗಲಿ ಅಂದೆ. ಕೋಪದಲ್ಲಿ ಫೋನಿಟ್ಟು, ಕೋಪದಲ್ಲೇ ನೀನು ಕಳಿಸುವ ಬಿ.ಪಿ. ಮಾತ್ರೆ, ಅದೂ ಚಂದಾದ್ದೇ, ಹುಡುಕಿ ನುಂಗಿದೆ.

ತಿಂಗಳ ಕೊನೆಗೆ ಇನ್ನೂ ಒಂದು ಭಾನುವಾರ ಉಳಿದಿದೆ. ಆಮೇಲೆ ಆ ನದಿಯೇ ಇರುವುದಿಲ್ಲ. ಬಾ ಅಂತ ಇನ್ನೊಮ್ಮೆ ಕರೆಯುವುದಿಲ್ಲ, ನನಗೂ ಸ್ವಲ್ಪ ಮಾನ ಇದೆ. ಸೋಫಾದ ಎಡಗಡೆ ಖಾಲಿ ಇದೆ ಅಂತ ಮಾತ್ರ ತಿಳಿಸುತ್ತಿದ್ದೇನೆ.

ಇಷ್ಟೆಲ್ಲ ಬೈದರೂ ನೀನು ನನ್ನ ಮಗಳು. ಹೊತ್ತಿಗೆ ಸರಿಯಾಗಿ ಊಟ ಮಾಡು, ಕೂದಲು ಒದ್ದೆ ಬಿಟ್ಟುಕೊಂಡು ಹೊರಗೆ ಹೋಗಬೇಡ. ಹಿಂದಿನ ದವಡೆ ಹಲ್ಲನ್ನು ಯಾರಿಗಾದರೂ ತೋರಿಸು, ನಿನ್ನ ಅಮ್ಮ ಹಲ್ಲಿನವಳು ಅಂತ ಹೇಳಿಕೊಳ್ಳಲು ನನಗೇ ನಾಚಿಕೆ. ಅಳಿಯಂದಿರಿಗೆ ಆಶೀರ್ವಾದ, ಬೀಗಿತ್ತಿಯವರಿಗೆ ನಮಸ್ಕಾರ ತಿಳಿಸು. ನೂರು ವರ್ಷ ನಗುನಗುತ್ತಾ ಬಾಳು, ನನ್ನ ಬಾಯಿಂದ ನಿನಗೆ ಬೇರೇನೂ ಬರುವುದಿಲ್ಲ.

ಇಂತು ನಿನ್ನ,
ಲೇಟು ಅಮ್ಮ

ವಿ.ಸೂ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಆ ಹುಡುಗಿ ಹೇಳಿದ ಇನ್ನೊಂದು ಮಾತನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಕಂಪನಿಯವರು ನಿನ್ನ ಹುಟ್ಟನ್ನು ಯಂತ್ರಕ್ಕೆ ಕೊಟ್ಟಿಲ್ಲವಂತೆ. "ಇಬ್ಬರು ಆಡ್ಬಹುದು ಮೇಡಂ, ಬೇರೆ ಬೇರೆ ಊರಲ್ಲಿದ್ರೂ ಆಡ್ಬಹುದು. ಆದ್ರೆ ಇಬ್ಬರೂ ಫ್ಯಾಮಿಲಿ ಅಂತ ಸೇರಿರ್ಬೇಕು. ಚಂದಾ ಕಟ್ಟಿದವರು ನಿಮ್ಮನ್ನ ಗೆಸ್ಟ್ ಅಂತ ಹಾಕಿದಾರೆ. ಗೆಸ್ಟ್‌ಗೆ ಕಂಪ್ಯೂಟರ್ ಜೊತೆ ಮಾತ್ರ," ಅಂದಳು. ಅವಳು ಹೇಳಿದ ಗುಂಡಿ ಒತ್ತಿ ನೋಡಿದೆ. ಫ್ಯಾಮಿಲಿಯಲ್ಲಿ ನೀನಿದ್ದೀಯ, ಅಳಿಯಂದಿರಿದ್ದಾರೆ, ಬೀಗಿತ್ತಿಯವರಿದ್ದಾರೆ, ನಿಮ್ಮ ಮನೆಯ ನಾಯಿಗೂ ಒಂದು ಚಿತ್ರ ಇದೆ. ಕೆಳಗೆ ಬೂದು ಬಣ್ಣದ ಖಾಲಿ ಮುಖ ಒಂದಿದೆ, ಗೆಸ್ಟ್ ಅಂತ. ಅದು ನಾನು.

ಆಮೇಲೆ ನಿಮ್ಮ ಫ್ಯಾಮಿಲಿಯಲ್ಲಿ ನಮ್ಮ ನದಿಯನ್ನು ಎಲ್ಲರಿಗಿಂತ ಬೇಗ ದಾಟಿದವರ ಚಿತ್ರ ಪರದೆಗೆ ಬಂತು. ಎಡಗಡೆ ನೀನು, ಬಲಗಡೆ ಬೀಗಿತ್ತಿಯವರು. ಹೋದ ಭಾನುವಾರ. ಮುಳುಗಿ ಹೋಗಿದೀನಿ ಅಂದೆಯಲ್ಲ, ಅದೇ ದಿನ. ಅವರು ಒಳ್ಳೆಯವರು, ಅವರ ಮೇಲೆ ನನಗೆ ಕೋಪವಿಲ್ಲ.

ಆಡಿದ್ದನ್ನು ಮತ್ತೆ ನೋಡಬಹುದಂತೆ, ನೋಡಿದೆ. ಶುರುವಿನಲ್ಲಿ ದೋಣಿಯ ಮೂತಿ ಎಡಕ್ಕೆ ತಿರುಗಿ ಮೊದಲ ಬಂಡೆಗೆ ಸವರಿಕೊಂಡು ಹೋಯಿತು. ನನಗೆ ತಕ್ಷಣ ಗೊತ್ತಾಯಿತು, ನೀನು ಕಾಯುತ್ತಿದ್ದೆ. ಡೋಲು ಬಿದ್ದ ಮೇಲೆ ಅರ್ಧ ತಾಳ ನಿಂತು ಎಳೆಯುತ್ತಿದ್ದೆ, ಪಕ್ಕದಲ್ಲಿ ನಾನು ಕೂತಿದ್ದೇನೆ ಅನ್ನುವ ಹಾಗೆ. ಬೀಗಿತ್ತಿಯವರು ಡೋಲಿಗೆ ಸರಿಯಾಗಿ ಎಳೆಯುತ್ತಾರೆ, ಅವರಿಗಾಗಿ ಯಾರೂ ಕಾಯಬೇಕಾಗಿಲ್ಲ. ಎರಡನೇ ಬಂಡೆಯ ಹತ್ತಿರ ದೋಣಿ ನೆಟ್ಟಗಾಯಿತು, ಆಮೇಲೆ ದಡ ಮುಟ್ಟುವ ತನಕ ಒಂದು ಸಲವೂ ವಾಲಲಿಲ್ಲ.

ಆ ಎರಡು ಬಂಡೆಗಳ ನಡುವೆ ಎಷ್ಟು ದೂರ ಅಂತ ನನಗೆ ಗೊತ್ತು ಕಣೇ. ಮೂರೇ ಎಳೆತ. ಅಷ್ಟರಲ್ಲಿ ನನ್ನನ್ನು ಕಾಯುವುದು ಬಿಟ್ಟುಹೋಯಿತಾ?